ಕೋಳಿ ಸಾರಿನಲ್ಲಿ ಪುಂಡಿ ಯಾಕೆ ಕರಗುತ್ತದೆ?

ಪ್ರಶ್ನೆ: ನಾನು ಮೈಸೂರು ಕಡೆಯವಳು. ಗಂಡನ ಊರು ಬಂಟ್ವಾಳದ ಹತ್ತಿರ. ಈಗ ಬೆಂಗಳೂರಿನಲ್ಲಿದ್ದೇವೆ. ಮಳೆಗಾಲದಲ್ಲಿ ಊರಿಗೆ ಹೋದಾಗ ಅತ್ತೆ ಕೋಳಿ ಸಾರಿನೊಳಗೇ ಸಣ್ಣ ಸಣ್ಣ ಪುಂಡಿ, ಅಂದರೆ ಅಕ್ಕಿ ಉಂಡೆ, ಹಾಕಿ ಬೇಯಿಸಿ ಕೊಡುತ್ತಿದ್ದರು. ಅತ್ತೆ ಹೋಗಿ ಎರಡು ವರ್ಷವಾಯಿತು. ಅಳತೆ ಬರೆದಿಟ್ಟುಕೊಂಡಿರಲಿಲ್ಲ. ಮೊದಲ ಸಲ ಅಮೆರಿಕದ ಚಿಕನ್ ಅಂಡ್ ಡಂಪ್ಲಿಂಗ್ಸ್ ವಿಡಿಯೋ ನೋಡಿ, ಅಕ್ಕಿ ಹಿಟ್ಟನ್ನು ನೀರಲ್ಲಿ ಕಲಸಿ ಚಮಚದಲ್ಲಿ ಕುದಿಯುವ ಸಾರಿಗೆ ಬಿಟ್ಟೆ. ಎಲ್ಲ ಕರಗಿ ಗಂಜಿಯಾಯಿತು. ಎರಡನೇ ಸಲ ಬಿಸಿ ನೀರಲ್ಲಿ ಗಟ್ಟಿಯಾಗಿ ಕಲಸಿ, ಉಂಡೆ ಮಾಡಿ, ರಾತ್ರಿ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ಹಾಕಿದೆ. ಕಲ್ಲಿನ ಹಾಗೆ ಆಯಿತು, ನಡುವೆ ಬಿಳಿ ಹಿಟ್ಟು ಹಾಗೇ ಇತ್ತು. ಮಾವ ನಮ್ಮ ಜೊತೆಗೇ ಇದ್ದಾರೆ, ಮಕ್ಕಳಿಬ್ಬರು. ಎಲ್ಲರೂ ಕೂತು ತಿನ್ನುವ ಹಾಗೆ ಒಮ್ಮೆ ಸರಿಯಾಗಿ ಮಾಡಬೇಕು. ಇವರು 'ಅಮ್ಮನ ರುಚಿ ಬರಲಿಲ್ಲ' ಅನ್ನುತ್ತಾರೆ. ಎಲ್ಲಿ ತಪ್ಪಿದೆ?

ಉತ್ತರ: ಏನೇನು ಮಾಡಿದಿರಿ ಅಂತ ಬಿಡದೆ ಹೇಳಿದ್ದೀರಿ. ಅದರಿಂದಲೇ ಕಾರಣ ಸಿಕ್ಕಿತು. ಎರಡು ಸಲವೂ ಒಂದೇ ಕೆಲಸ ಬಿಟ್ಟುಹೋಗಿದೆ. ಪುಂಡಿಯ ಹಿಟ್ಟು ಸಾರಿಗೆ ಬೀಳುವ ಮೊದಲೇ ಬೆಂದಿರಬೇಕು. ಸಾರಿನಲ್ಲಿ ಪುಂಡಿ ಬೇಯುವುದಿಲ್ಲ, ಸಾರನ್ನು ಕುಡಿಯುತ್ತದೆ. ಇಷ್ಟು ಹಿಡಿದುಕೊಂಡರೆ ಉಳಿದದ್ದೆಲ್ಲ ಸುಲಭ.

ಬೇರೆ ಊರಿನ ಓದುಗರಿಗೆ ಒಂದು ಮಾತು. ಉತ್ತರ ಕರ್ನಾಟಕದಲ್ಲಿ ಪುಂಡಿ ಅಂದರೆ ಹುಳಿ ಸೊಪ್ಪು, ಪುಂಡಿ ಪಲ್ಯ ಮಾಡುತ್ತಾರಲ್ಲ, ಅದು. ಇಲ್ಲಿ ಹೇಳುತ್ತಿರುವುದು ದಕ್ಷಿಣ ಕನ್ನಡ, ಉಡುಪಿ ಕಡೆಯ ಅಕ್ಕಿ ಉಂಡೆ. ಬೆಳಗಿನ ತಿಂಡಿಗೆ ನಿಂಬೆಹಣ್ಣಿನಷ್ಟು ದೊಡ್ಡದಾಗಿ ಮಾಡುತ್ತಾರೆ. ಮಾಂಸದ ಸಾರಿಗೆ ಹಾಕುವುದಾದರೆ ಸಣ್ಣದು. ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಮನೆಗಳಲ್ಲಿ ಇದು ಬಹಳ ರೂಢಿ. ತುಳು ಮಾತಾಡುವ ಮನೆಗಳಲ್ಲೂ ಮಾಡುತ್ತಾರೆ. ಕೊಡಗಿನ ಕಡಂಬುಟ್ಟು, ಕೇರಳದ ಪಿಡಿ ಇದರ ಹತ್ತಿರದ ನೆಂಟರು.

ನನ್ನ ತವರು ಪುತ್ತೂರಿನ ಒಳಗಿನ ಒಂದು ಹಳ್ಳಿ. ತುಳುವರ ಆಟಿ ತಿಂಗಳಲ್ಲಿ, ಅಂದರೆ ಜುಲೈ–ಆಗಸ್ಟ್ ಹೊತ್ತಿಗೆ, ಮಳೆ ಹಿಡಿದರೆ ಪೇಟೆಗೆ ಹೋಗುವುದೇ ಕಷ್ಟ. ಮನೆಯಲ್ಲಿ ಹನ್ನೆರಡು ಜನ, ಕೊಯ್ಯುವುದು ಒಂದು ಕೋಳಿ. ಸಾರು ಮಾಡಿ ಅನ್ನದ ಜೊತೆ ಬಡಿಸಿದರೆ ತುಂಡು ಕೆಲವರಿಗೆ ಸಿಗುತ್ತದೆ, ಕೆಲವರಿಗೆ ಇಲ್ಲ. ಅದೇ ಸಾರಿಗೆ ಪುಂಡಿ ಹಾಕಿದರೆ ಪ್ರತಿ ಉಂಡೆಯಲ್ಲೂ ಕೋಳಿಯ ರುಚಿ ಇರುತ್ತದೆ. ಅಮ್ಮ ಇದನ್ನು ಬಾಯಿಬಿಟ್ಟು ಹೇಳಿದವಳಲ್ಲ, ಆದರೆ ಅವಳ ಲೆಕ್ಕ ಅದೇ ಇತ್ತು ಅಂತ ನನಗೆ ದೊಡ್ಡವಳಾದ ಮೇಲೆ ತಿಳಿಯಿತು. ನಮ್ಮ ಮನೆಯಲ್ಲಿ ಇದು ಕಡಿಮೆ ಮಾಂಸದಲ್ಲಿ ಎಲ್ಲರಿಗೂ ಸಮನಾಗಿ ಬಡಿಸುವ ಅಡುಗೆ. ಆದ್ದರಿಂದ ಮಾಂಸ ಜಾಸ್ತಿ ಹಾಕಿದರೆ ರುಚಿ ಜಾಸ್ತಿಯಾಗುತ್ತದೆ ಅಂದುಕೊಳ್ಳಬೇಡಿ. ನಿಮ್ಮ ಐದು ಜನಕ್ಕೆ ಒಂದು ಕೆಜಿ ಕೋಳಿ, ಎರಡು ಕಪ್ ಅಕ್ಕಿ ಧಾರಾಳವಾಯಿತು.

ಈಗ ಮೊದಲ ಸಲದ ಕಥೆ. ಅಮೆರಿಕದ ದಕ್ಷಿಣದ ರಾಜ್ಯಗಳ ಆ ಅಡುಗೆ ಮಾಡುವುದು ಗೋಧಿಯ ಮೈದಾದಲ್ಲಿ. ಗೋಧಿಯಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇದೆ. ನೀರು ಬಿದ್ದ ಕೂಡಲೇ ಅದು ಬಲೆಯ ಹಾಗೆ ಹೆಣೆದುಕೊಂಡು ಹಿಟ್ಟನ್ನು ಹಿಡಿದಿಡುತ್ತದೆ. ಹಸಿ ಹಿಟ್ಟನ್ನೇ ಸಾರಿಗೆ ಬಿಟ್ಟರೂ ಉಂಡೆ ಉಂಡೆಯಾಗಿಯೇ ಇರುತ್ತದೆ. ಅಲ್ಲಿ ಹಲವರು ಬೇಕಿಂಗ್ ಪೌಡರ್ ಹಾಕಿ, ಮುಚ್ಚಳ ಮುಚ್ಚಿ, ಹಬೆಯಲ್ಲಿ ಉಬ್ಬಿಸುತ್ತಾರೆ. ಹಿಟ್ಟನ್ನು ಜಾಸ್ತಿ ನಾದಬೇಡಿ ಅಂತಲೂ ಹೇಳುತ್ತಾರೆ. ನಾದಿದರೆ ಬಲೆ ಬಿಗಿಯಾಗಿ ಉಂಡೆ ರಬ್ಬರಿನ ಹಾಗೆ ಆಗುತ್ತದೆ. ಗೋಧಿಗೆ ಇದೆಲ್ಲ ಸರಿ.

ಅಕ್ಕಿಯಲ್ಲಿ ಗ್ಲುಟೆನ್ ಇಲ್ಲ, ಹಿಡಿದಿಡುವ ಬಲೆಯೂ ಇಲ್ಲ. ಹಸಿ ಅಕ್ಕಿ ಹಿಟ್ಟಿನ ಉಂಡೆ ಕುದಿಯುವ ಸಾರಿಗೆ ಬಿದ್ದರೆ ಹೊರಗಿನ ಪದರ ಮೊದಲು ನೀರು ಕುಡಿದು ಉಬ್ಬಿ ಕಳಚಿಕೊಳ್ಳುತ್ತದೆ. ಆಮೇಲೆ ಅದರ ಒಳಗಿನ ಪದರ. ನಡುವೆ ಬೇಯುವಷ್ಟರಲ್ಲಿ ಉಂಡೆಯೇ ಇರುವುದಿಲ್ಲ. ಅಕ್ಕಿಯನ್ನು ಹಿಡಿದಿಡುವುದು ಅದರ ಸ್ವಂತ ಪಿಷ್ಟ, ಅದೂ ಬೆಂದ ಮೇಲೆ ಮಾತ್ರ. ಸುಮಾರು 60ರಿಂದ 80 ಡಿಗ್ರಿ ಸೆಲ್ಸಿಯಸ್ ನಡುವೆ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ, ಅಂಟಿನ ಹಾಗೆ ಆಗುತ್ತವೆ. ಆ ಅಂಟನ್ನು ನಾವು ಬಾಣಲೆಯಲ್ಲೇ ತಂದುಕೊಳ್ಳಬೇಕು. ಇಲ್ಲಿ ನಾದುವ ನಿಯಮವೂ ಉಲ್ಟಾ. ಬಿಸಿ ಇರುವಾಗ ಎಷ್ಟು ಚೆನ್ನಾಗಿ ನಾದುತ್ತೀರೋ ಅಷ್ಟು ಒಳ್ಳೆಯದು.

ಎರಡನೇ ಸಲ ಬಿಸಿ ನೀರು ಹಾಕಿದಿರಿ, ದಾರಿ ಸರಿ ಇತ್ತು. ಆದರೆ ನೀರು ಸಾಲಲಿಲ್ಲ. ನಡುವೆ ಕಂಡ ಬಿಳಿ ಹಿಟ್ಟು ನೀರು ಸಿಗದ ಪಿಷ್ಟ. ಅದು ಸಾರಿನಲ್ಲಿ ಬೇಗ ಬೇಯುವುದಿಲ್ಲ. ಇನ್ನು ಫ್ರಿಜ್. ಬೆಂದ ಅಕ್ಕಿ ತಣ್ಣಗಾದಾಗ ಪಿಷ್ಟ ಮತ್ತೆ ಬಿಗಿದುಕೊಳ್ಳುತ್ತದೆ. ಫ್ರಿಜ್‌ನ ತಂಪಿನಲ್ಲಿ ಇದು ಬೇಗ ಆಗುತ್ತದೆ. ನಿನ್ನೆಯ ಅನ್ನ ಫ್ರಿಜ್‌ನಿಂದ ತೆಗೆದಾಗ ಬಿರುಸಾಗಿರುತ್ತದೆ, ಅಲ್ವಾ? ಅದೇ ಇದು. ಹಿಟ್ಟು ತಯಾರಾದ ಮೇಲೆ ಬಿಸಿ ಆರುವ ಮೊದಲು ಉಂಡೆ ಕಟ್ಟಿ, ಆಗಲೇ ಹಬೆಯಲ್ಲಿಡಬೇಕು. ಹಿಂದಿನ ದಿನವೇ ಮಾಡಿಟ್ಟುಕೊಳ್ಳಬಹುದಾದದ್ದು ಮಸಾಲೆ ಒಂದೇ.

ಅಕ್ಕಿ ಯಾವುದು? ನಮ್ಮ ಕಡೆ ಬೆಳ್ತಿಗೆ ಅಕ್ಕಿ ಅನ್ನುತ್ತಾರೆ, ಕುಚ್ಚಲು ಅಲ್ಲದ ಬಿಳಿ ಅಕ್ಕಿ. ಬೆಂಗಳೂರಿನಲ್ಲಿ ದೋಸೆ ಅಕ್ಕಿ ತೆಗೆದುಕೊಳ್ಳಿ, ಹಳೆಯ ಸೋನಾ ಮಸೂರಿಯೂ ಆದೀತು. ಹೊಸ ಅಕ್ಕಿ ಬೇಡ, ಅಂಟು ಜಾಸ್ತಿ. ಕೆಲವು ಮನೆಗಳಲ್ಲಿ ಕುಚ್ಚಲಕ್ಕಿಯನ್ನೇ ಗಟ್ಟಿಯಾಗಿ ರುಬ್ಬಿ, ಬಾಣಲೆಯಲ್ಲಿ ಕಾಯಿಸದೆ ನೇರವಾಗಿ ಉಂಡೆ ಕಟ್ಟುತ್ತಾರೆ. ಅದು ಒಡೆಯುವುದಿಲ್ಲ. ಯಾಕೆ ಗೊತ್ತಾ? ಭತ್ತವಾಗಿದ್ದಾಗಲೇ ಅದನ್ನು ಬೇಯಿಸಿ ಒಣಗಿಸಿರುತ್ತಾರೆ, ಪಿಷ್ಟ ಒಮ್ಮೆ ಬೆಂದಾಗಿದೆ. ಆದರೆ ಅಷ್ಟು ಗಟ್ಟಿಯಾಗಿ ಮಿಕ್ಸಿಯಲ್ಲಿ ರುಬ್ಬುವುದು ಕಷ್ಟ, ಮಿಕ್ಸಿ ಬಿಸಿಯಾಗಿ ನಿಂತುಬಿಡುತ್ತದೆ. ಗ್ರೈಂಡರ್ ಇದ್ದರೆ ಆಮೇಲೆ ಅದನ್ನೂ ಮಾಡಿ ನೋಡಿ. ಮೊದಲು ಬೆಳ್ತಿಗೆಯಲ್ಲಿ ಕೈ ಕುದುರಲಿ.

ಎರಡು ಕಪ್ ಅಕ್ಕಿ ತೊಳೆದು ನಾಲ್ಕು ಗಂಟೆ ನೆನೆಹಾಕಿ. ನೀರು ಪೂರ್ತಿ ಬಸಿಯಿರಿ. ಅರ್ಧ ಕಪ್ ತೆಂಗಿನ ತುರಿ, ಅರ್ಧ ಚಮಚ ಜೀರಿಗೆ, ಒಂದೂವರೆ ಕಪ್ ನೀರು ಹಾಕಿ ರುಬ್ಬಿ. ದೋಸೆ ಹಿಟ್ಟಿನಷ್ಟು ನುಣ್ಣಗೆ ಬೇಡ. ಬೆರಳ ನಡುವೆ ಉಜ್ಜಿದರೆ ಚಿರೋಟಿ ರವೆಯ ಹಾಗೆ ತರಿ ಸಿಗಬೇಕು. ದಪ್ಪ ತಳದ ಬಾಣಲೆಯಲ್ಲಿ ಇನ್ನೊಂದೂವರೆ ಕಪ್ ನೀರು, ಒಂದು ಚಮಚ ಉಪ್ಪು, ಒಂದು ಚಮಚ ತೆಂಗಿನೆಣ್ಣೆ ಹಾಕಿ ಕುದಿಸಿ. ಉರಿ ಸಣ್ಣಗೆ ಮಾಡಿ ಹಿಟ್ಟು ಹೊಯ್ಯಿರಿ. ಇನ್ನು ಕೈ ಬಿಡುವಂತಿಲ್ಲ.

ಮರದ ಸೌಟಿನಲ್ಲಿ ತಳದಿಂದ ಎತ್ತಿ ಎತ್ತಿ ತಿರುವಿ. ಮೊದಲ ಎರಡು ನಿಮಿಷ ಏನೂ ಆಗುತ್ತಿಲ್ಲ ಅನಿಸುತ್ತದೆ. ಆಮೇಲೆ ಇದ್ದಕ್ಕಿದ್ದ ಹಾಗೆ ತಳದಲ್ಲಿ ಗಂಟು ಗಂಟಾಗುತ್ತದೆ. ಹೆದರಿ ಉರಿ ಆರಿಸಬೇಡಿ. ಗಂಟುಗಳನ್ನು ಬಾಣಲೆಯ ಬದಿಗೆ ಒತ್ತಿ ಒಡೆಯುತ್ತಾ ತಿರುವುತ್ತಿರಿ. ಐದಾರು ನಿಮಿಷಕ್ಕೆ ಎಲ್ಲ ಒಂದಾಗಿ, ಸೌಟಿನ ಸುತ್ತ ಮುದ್ದೆಯಾಗಿ ಸುತ್ತಿಕೊಂಡು, ಬಾಣಲೆಯ ತಳ ಬಿಡುತ್ತದೆ. ಹಿಟ್ಟಿನ ಬಣ್ಣ ನೋಡಿ. ಸುಣ್ಣದ ಹಾಗಿದ್ದ ಬಿಳಿ ಹೋಗಿ ಸ್ವಲ್ಪ ಮಾಸಲಾಗಿ ಹೊಳೆಯುತ್ತದೆ. ಒದ್ದೆ ಬೆರಳಲ್ಲಿ ಮುಟ್ಟಿ, ಬೆರಳಿಗೆ ಅಂಟಬಾರದು. ಅಂಟಿದರೆ ಇನ್ನೆರಡು ನಿಮಿಷ. ಒಣಗಿ ಬಿರುಕು ಬಿಡುತ್ತಿದ್ದರೆ ಬಿಸಿ ನೀರು ಚಿಮುಕಿಸಿ ತಿರುವಿ. ಒಟ್ಟು ನೀರು ಮೂರು ಕಪ್, ಹಳೆಯ ಅಕ್ಕಿಯಾದರೆ ಮೂರೂವರೆ. ಆಮೇಲೆ ಉರಿ ಆರಿಸಿ, ಮುಚ್ಚಿ, ಐದು ನಿಮಿಷ ಬಿಡಿ. ಒಳಗಿನ ಹಬೆ ಉಳಿದ ಕೆಲಸ ಮಾಡುತ್ತದೆ.

ಅಡುಗೆ ಕಲಿಸಲು ಶುರು ಮಾಡಿದ ಹೊಸತರಲ್ಲಿ ನಾನು ಈ ತಿರುವುವ ಕೆಲಸವನ್ನು ಎರಡೇ ಮಾತಲ್ಲಿ ಹೇಳಿ ಮುಗಿಸುತ್ತಿದ್ದೆ. ಮನೆಗೆ ಹೋಗಿ ಮಾಡಿದವರಲ್ಲಿ ಹಲವರು ಒಡೆಯಿತು ಅಂತ ಬಂದು ಹೇಳಿದರು. ಗಟ್ಟಿಯಾದ ಕೂಡಲೇ ಇಳಿಸಿಬಿಟ್ಟಿದ್ದರು. ಗಟ್ಟಿಯಾಗುವುದು ಬೇರೆ, ಬೇಯುವುದು ಬೇರೆ. ಗಟ್ಟಿಯಾದ ಮೇಲೆ ಇನ್ನೂ ಎರಡು ಮೂರು ನಿಮಿಷ ತಿರುವಬೇಕು. ತೋಳು ನೋಯುತ್ತದೆ, ನಿಜ. ಯಜಮಾನರನ್ನು ಪಕ್ಕಕ್ಕೆ ಕರೆದುಕೊಳ್ಳಿ, ಒಬ್ಬರು ಬಾಣಲೆ ಹಿಡಿದರೆ ಇನ್ನೊಬ್ಬರಿಗೆ ಸಲೀಸು.

ಕೈಗೆ ತಡೆಯುವಷ್ಟು ಬಿಸಿ ಇರುವಾಗ ಕೈ ಒದ್ದೆ ಮಾಡಿಕೊಂಡು ಚೆನ್ನಾಗಿ ನಾದಿ. ಉಂಡೆ ನೆಲ್ಲಿಕಾಯಿ ಗಾತ್ರ ಮೀರಬಾರದು. ಪ್ರತಿ ಉಂಡೆಗೂ ಹೆಬ್ಬೆರಳಲ್ಲಿ ಒಂದು ಗುಳಿ ಒತ್ತಿ. ಇದು ಚೆಂದಕ್ಕೆ ಮಾತ್ರ ಇರುವುದಲ್ಲ. ಗುಳಿ ಇದ್ದರೆ ನಡುವಿನ ದಪ್ಪ ಕಡಿಮೆಯಾಗಿ ಒಳಗಿನವರೆಗೆ ಬೇಯುತ್ತದೆ, ಮಸಾಲೆಯೂ ಅಲ್ಲಿ ನಿಲ್ಲುತ್ತದೆ. ಈ ಅಳತೆಗೆ 70–80 ಪುಂಡಿ ಬರುತ್ತದೆ. ಮಕ್ಕಳನ್ನು ಕೂರಿಸಿ, ಗುಳಿ ಒತ್ತುವ ಕೆಲಸ ಅವರಿಗೆ ಕೊಡಿ. ಚಿಕ್ಕ ಹೆಬ್ಬೆರಳಿನ ಗುಳಿ ಈ ಸಣ್ಣ ಪುಂಡಿಗೆ ಸರಿಯಾಗಿ ಹೊಂದುತ್ತದೆ. ಇಡ್ಲಿ ಅಟ್ಟದಲ್ಲಿ ಬಾಳೆಲೆ ಅಥವಾ ಬಟ್ಟೆ ಹಾಸಿ, ನೀರು ಕುದಿಯಲು ಶುರುವಾದ ಮೇಲೆ ಉಂಡೆ ಇಟ್ಟು, ಹದಿನೈದು ನಿಮಿಷ ಬೇಯಿಸಿ. ಒಂದನ್ನು ಮುರಿದು ನೋಡಿ. ನಡುವೆಯೂ ಹೊರಗಿನ ಬಣ್ಣವೇ ಇದ್ದರೆ ಆಯಿತು.

ಕೋಳಿ ವಿಷಯಕ್ಕೆ ಬರೋಣ. ಊರಕೋಳಿ, ನೀವು ನಾಟಿ ಕೋಳಿ ಅನ್ನುತ್ತೀರಿ, ಸಿಕ್ಕರೆ ಅದೇ ಒಳ್ಳೆಯದು. ಹೆಚ್ಚು ದಿನ ಓಡಾಡಿದ ಕೋಳಿಯಲ್ಲಿ ಎಲುಬು ಗಟ್ಟಿ, ನಾರು ಜಾಸ್ತಿ. ನಿಧಾನವಾಗಿ ಕುದಿಸಿದರೆ ಆ ನಾರಿನ ಅಂಶ ಕರಗಿ ಸಾರಿಗೆ ಮೈ ಬರುತ್ತದೆ. ಸಾಧಾರಣ ಪಾತ್ರೆಯಲ್ಲಿ ಒಂದರಿಂದ ಒಂದೂವರೆ ಗಂಟೆ ಬೇಕು, ಕುಕ್ಕರಿನಲ್ಲಿ ನಾಲ್ಕೈದು ಸೀಟಿ. ಅಂಗಡಿಯ ಬ್ರಾಯ್ಲರ್ ಸುಮಾರು ಆರು ವಾರದ ಮರಿ. ಅದಕ್ಕೆ ಇಪ್ಪತ್ತೈದು ನಿಮಿಷ ಸಾಕು, ಕುಕ್ಕರ್ ಬೇಡವೇ ಬೇಡ. ಯಾವುದೇ ಆದರೂ ಎಲುಬು ಸಮೇತ ತನ್ನಿ. ಬೋನ್‌ಲೆಸ್‌ನಲ್ಲಿ ಈ ಸಾರಿಗೆ ಜೀವ ಬರುವುದಿಲ್ಲ. ತೊಳೆಯುವಾಗ ನಲ್ಲಿಯ ಕೆಳಗೆ ಜೋರಾಗಿ ನೀರು ಬಿಡಬೇಡಿ. ಸಿಡಿದ ಹನಿಯಲ್ಲಿ ಸಾಲ್ಮೊನೆಲ್ಲಾದಂಥ ರೋಗಾಣು ಪಕ್ಕದ ಪಾತ್ರೆಗೆ ಹೋಗುತ್ತದೆ. ಪಾತ್ರೆಯಲ್ಲಿ ನೀರು ತುಂಬಿ ಮೆಲ್ಲಗೆ ತೊಳೆದು, ಸಿಂಕ್ ಮತ್ತು ಕೈ ಸೋಪಿನಲ್ಲಿ ತೊಳೆದುಬಿಡಿ.

ಮಸಾಲೆಗೆ ಹನ್ನೆರಡು ಬ್ಯಾಡಗಿ ಮೆಣಸಿನಕಾಯಿ, ಎರಡು ದೊಡ್ಡ ಚಮಚ ಕೊತ್ತಂಬರಿ ಬೀಜ, ಒಂದು ಚಮಚ ಜೀರಿಗೆ, ಹತ್ತು ಕಾಳುಮೆಣಸು, ಕಾಲು ಚಮಚ ಮೆಂತೆ. ಬ್ಯಾಡಗಿಯೇ ಯಾಕೆ ಅಂದರೆ ಬಣ್ಣ ಜಾಸ್ತಿ, ಖಾರ ಕಡಿಮೆ. ಮಾವನಿಗೆ, ಮಕ್ಕಳಿಗೆ ಇನ್ನೂ ಸೌಮ್ಯ ಬೇಕಾದರೆ ಬೀಜ ಉದುರಿಸಿ ಹಾಕಿ, ಕೆಂಪು ಹಾಗೇ ಇರುತ್ತದೆ. ಒಂದೊಂದನ್ನೂ ಬೇರೆ ಬೇರೆ ಹುರಿಯಿರಿ, ಸ್ವಲ್ಪ ತೆಂಗಿನೆಣ್ಣೆಯಲ್ಲಿ. ಒಟ್ಟಿಗೆ ಹಾಕಿದರೆ ಮೆಂತೆ ಕರಟುವಷ್ಟರಲ್ಲಿ ಕೊತ್ತಂಬರಿ ಹಸಿಯಾಗಿಯೇ ಉಳಿಯುತ್ತದೆ. ಒಂದು ಕಪ್ ತೆಂಗಿನ ತುರಿ, ಒಂದು ಈರುಳ್ಳಿ, ಎಂಟು ಎಸಳು ಬೆಳ್ಳುಳ್ಳಿ ಬಾಡಿಸಿ. ಅರ್ಧ ಚಮಚ ಅರಿಶಿನ, ಗೋಲಿಯಷ್ಟು ಹುಣಸೆಹಣ್ಣು ಸೇರಿಸಿ ಎಲ್ಲವನ್ನೂ ನುಣ್ಣಗೆ ರುಬ್ಬಿ. ಇನ್ನೊಂದು ಕಪ್ ತುರಿಯಿಂದ ಗಟ್ಟಿ ಹಾಲು ಒಂದು ಲೋಟ, ತೆಳು ಹಾಲು ಎರಡು ಲೋಟ ತೆಗೆದಿಡಿ.

ತುಪ್ಪದಲ್ಲಿ ಹೆಚ್ಚಿದ ಈರುಳ್ಳಿ, ಕರಿಬೇವು ಬಾಡಿಸಿ, ಕೋಳಿ ಹಾಕಿ, ಉಪ್ಪು ಹಾಕಿ ಐದು ನಿಮಿಷ ತಿರುವಿ. ತೆಳು ಹಾಲು ಹೊಯ್ದು, ಮುಚ್ಚಿ ಬೇಯಿಸಿ. ಕೋಳಿ ಮುಕ್ಕಾಲು ಬೆಂದಾಗ ರುಬ್ಬಿದ ಮಸಾಲೆ ಹಾಕಿ, ಹತ್ತು ನಿಮಿಷ ಕುದಿಸಿ. ತುಂಡು ಎಲುಬಿನಿಂದ ಸಲೀಸಾಗಿ ಬಿಡಬೇಕು, ಒಳಗೆ ಗುಲಾಬಿ ಬಣ್ಣ ಇರಬಾರದು. ಥರ್ಮಾಮೀಟರ್ ಇದ್ದವರಿಗೆ 74 ಡಿಗ್ರಿ ಸೆಲ್ಸಿಯಸ್.

ಇಲ್ಲಿ ಒಂದು ಕಡೆ ಹೆಚ್ಚಿನವರು ಎಡವುತ್ತಾರೆ. ನಮ್ಮ ಕೋರಿ ಗಸಿ, ಅಂದರೆ ಕೋಳಿಯ ಗಟ್ಟಿ ಸಾರು, ದಪ್ಪಗೆ ಇರಬೇಕು ಅಂತ ಅಭ್ಯಾಸ. ಆದರೆ ಪುಂಡಿ ಹಾಕುವ ಸಾರು ಆ ಗಸಿಗಿಂತ ತೆಳ್ಳಗಿರಬೇಕು, ಅನ್ನಕ್ಕೆ ಕಲಸುವ ಸಾರಿನಷ್ಟು. ಪುಂಡಿ ಎರಡು ಲೋಟದಷ್ಟು ಸಾರನ್ನು ಸುಮ್ನೆ ಕುಡಿದುಬಿಡುತ್ತದೆ. ದಪ್ಪ ಗಸಿಗೆ ಹಾಕಿದರೆ ಹತ್ತೇ ನಿಮಿಷಕ್ಕೆ ಪಾಯಸದ ಹಾಗೆ ಗಟ್ಟಿಯಾಗಿ ತಳ ಹಿಡಿಯುತ್ತದೆ. ಅಗತ್ಯವಿದ್ದಷ್ಟು ಬಿಸಿ ನೀರು ಸೇರಿಸಿ. ಉಪ್ಪನ್ನು ಒಂದು ಚಿಟಿಕೆ ಮುಂದಾಗಿಯೇ ಇಡಿ.

ಉರಿ ಸಣ್ಣಗೆ ಮಾಡಿ, ಹಬೆಯಿಂದ ತೆಗೆದ ಬಿಸಿ ಪುಂಡಿಗಳನ್ನು ಒಂದೊಂದಾಗಿ ಬಿಡಿ. ಸೌಟು ಹಾಕಿ ಕಲಕಬೇಡಿ. ಪಾತ್ರೆಯ ಎರಡೂ ಬದಿ ಬಟ್ಟೆಯಲ್ಲಿ ಹಿಡಿದು ಮೆಲ್ಲಗೆ ಕುಲುಕಿ. ಬದಿಯಲ್ಲಿ ಸಣ್ಣ ಗುಳ್ಳೆ ಏಳುತ್ತಿರಲಿ, ಕೊತಕೊತ ಕುದಿಯುವುದು ಬೇಡ. ಎಂಟು ಹತ್ತು ನಿಮಿಷದ ಮೇಲೆ ಗಟ್ಟಿ ಹಾಲು ಸುತ್ತ ಹೊಯ್ದು, ಒಮ್ಮೆ ಬಿಸಿಯಾದ ಕೂಡಲೇ ಇಳಿಸಿ. ಹುಳಿ ಇರುವ ಸಾರಿನಲ್ಲಿ ಗಟ್ಟಿ ಹಾಲು ಜೋರಾಗಿ ಕುದಿದರೆ ಒಡೆಯುತ್ತದೆ. ಕೊನೆಗೆ ಒಂದು ಚಮಚ ತುಪ್ಪ, ಮುಚ್ಚಳ. ಇನ್ನು ಇಪ್ಪತ್ತು ನಿಮಿಷ ಮುಟ್ಟಬೇಡಿ. ಆ ಹೊತ್ತಿನಲ್ಲಿ ಸಾರು ಉಂಡೆಯೊಳಗೆ ಇಳಿಯುತ್ತದೆ. ಮಕ್ಕಳು ಅಡುಗೆಮನೆ ಬಾಗಿಲಿಗೆ ಬಂದು ನಿಲ್ಲುತ್ತಾರೆ, ಗೊತ್ತು. ಆದರೂ ತೆರೆಯಬೇಡಿ.

ಮಾವನಿಗೆ ಅಗಿಯುವುದು ಕಷ್ಟವಿದ್ದರೆ ಅವರಿಗೆ ಕೊನೆಯಲ್ಲಿ ಬಡಿಸಿ. ಅರ್ಧ ಗಂಟೆ ಸಾರಿನಲ್ಲಿ ಕೂತ ಪುಂಡಿ ಬೆರಳಲ್ಲಿ ಒತ್ತಿದರೆ ಮುರಿಯುವಷ್ಟು ಮೆತ್ತಗಿರುತ್ತದೆ. ಉಳಿದರೆ ರಾತ್ರಿಯಿಡೀ ಹೊರಗಿಡಬೇಡಿ. ಎರಡು ಗಂಟೆಯೊಳಗೆ ಫ್ರಿಜ್‌ಗೆ ಹೋಗಲಿ. ಮರುದಿನ ಗಟ್ಟಿಯಾಗಿರುತ್ತದೆ, ಬಿಸಾಡಬೇಡಿ. ಬಿಗಿದ ಪಿಷ್ಟ ಬಿಸಿ ತಾಗಿದರೆ ಮತ್ತೆ ಸಡಿಲವಾಗುತ್ತದೆ. ಸ್ವಲ್ಪ ನೀರು ಸೇರಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಚೆನ್ನಾಗಿ ಹಬೆಯಾಡುವವರೆಗೆ ಬಿಸಿ ಮಾಡಿ. ಸಾರಿಗೆ ಹಾಕದೆ ಉಳಿಸಿಕೊಂಡ ಬರೀ ಪುಂಡಿ ಇದ್ದರೆ ಕತ್ತರಿಸಿ, ಸಾಸಿವೆ, ಒಣಮೆಣಸು, ಕರಿಬೇವಿನ ಒಗ್ಗರಣೆ ಕೊಟ್ಟು ಬೆಳಗಿನ ತಿಂಡಿಗೆ ಕೊಡಿ. ನಮ್ಮಲ್ಲಿ ಅದಕ್ಕೋಸ್ಕರವೇ ಹತ್ತು ಉಂಡೆ ಜಾಸ್ತಿ ಮಾಡುತ್ತಿದ್ದರು.

ಕೊನೆಯದು ನಿಮ್ಮ ಯಜಮಾನರ ಮಾತು, ಅಮ್ಮನ ರುಚಿ ಬರಲಿಲ್ಲ ಅಂತ. ನಾನು ಹೇಳಿದ್ದು ನನ್ನ ತವರಿನ ದಾರಿ. ನಿಮ್ಮ ಅತ್ತೆಯವರದ್ದು ಬೇರೆ ಇದ್ದಿರಬಹುದು. ಎರಡು ಸಲ ಪುಂಡಿಯೇ ಕೈಕೊಟ್ಟಿದೆ, ಹಾಗಾಗಿ ಮಸಾಲೆಯ ಮೇಲೆ ಈಗಲೇ ಅನುಮಾನ ಬೇಡ. ಒಮ್ಮೆ ಪುಂಡಿ ಸರಿಯಾಗಲಿ. ಆಮೇಲೆ ಅವರನ್ನೂ ಮಾವನನ್ನೂ ಕೂರಿಸಿ ಮೂರು ವಿಷಯ ಕೇಳಿ. ಸಾರಿನ ಬಣ್ಣ ಕೆಂಪಗಿತ್ತಾ, ಹಳದಿ ಕಡೆಗಿತ್ತಾ? ಕೆಂಪಾದರೆ ಬ್ಯಾಡಗಿ, ಹಳದಿಯಾದರೆ ಮೆಣಸಿನಕಾಯಿ ಕಡಿಮೆ ಮಾಡಿ ಕಾಳುಮೆಣಸು, ಹಸಿಮೆಣಸು ಜಾಸ್ತಿ ಹಾಕುತ್ತಿದ್ದರು ಅಂತ ಲೆಕ್ಕ. ಪುಂಡಿ ತಿಂದಾಗ ಬಾಯಿಗೆ ಸೋಂಪಿನ ಅಥವಾ ಈರುಳ್ಳಿಯ ರುಚಿ ಸಿಗುತ್ತಿತ್ತಾ? ಕೆಲವರು ಅವನ್ನು ಹಿಟ್ಟಿಗೇ ಹಾಕಿ ರುಬ್ಬುತ್ತಾರೆ. ಪುಂಡಿ ಬೆಳ್ಳಗಿತ್ತಾ, ಕಂದು ಬಣ್ಣಕ್ಕಿತ್ತಾ? ಕಂದಾಗಿದ್ದರೆ ಅತ್ತೆ ಬಳಸುತ್ತಿದ್ದದ್ದು ಕುಚ್ಚಲಕ್ಕಿ.

ಮಾವ ಅಷ್ಟು ವರ್ಷ ಅದನ್ನು ತಿಂದವರು. ಅಕ್ಕಿ ರುಬ್ಬುವ ಶಬ್ದ ಕೇಳಿದರೇ ಅವರಿಗೆ ಹಲವು ವಿಷಯ ನೆನಪಾಗುತ್ತದೆ. ಪಕ್ಕದಲ್ಲಿ ಒಂದು ಕುರ್ಚಿ ಹಾಕಿ ಕೂರಿಸಿಕೊಳ್ಳಿ. ಅವರು ಹೇಳಿದ್ದನ್ನು ಈ ಸಲ ಬರೆದಿಟ್ಟುಕೊಳ್ಳಿ.